ನಾಡಿ ಮತ್ತು ಬಿಪಿ ನೋಡಿ ಅಪಾಯವನ್ನು ಅಳೆಯಬಹುದೇ?

ಪ್ರಶ್ನೆ: ನಮ್ಮ ತಂದೆಯವರಿಗೆ 70 ವರ್ಷ. ಹೃದಯಾಘಾತವಾಗಿ ಆಸ್ಪತ್ರೆಗೆ ಸೇರಿಸಿದಾಗ ಅವರ ನಾಡಿ ಬಡಿತ 110, ಬಿಪಿ 100/70 ಇತ್ತು. ರಕ್ತಪರೀಕ್ಷೆಯ ವರದಿ ಕೈಸೇರುವ ಮೊದಲೇ ವೈದ್ಯರು ‘ಅಪಾಯ ಹೆಚ್ಚಿದೆ, ಐಸಿಯುನಲ್ಲೇ ಇರಬೇಕು’ ಎಂದರು. ಈಗ ಅವರು ಮನೆಗೆ ಬಂದಿದ್ದಾರೆ, ನಾನು ದಿನವೂ ಇವೆರಡನ್ನೂ ಬರೆದಿಡುತ್ತಿದ್ದೇನೆ. ಇಷ್ಟು ಸರಳ ಅಂಕಿಗಳಿಂದ ಮುಂದಿನದನ್ನು ಹೇಳಲು ಸಾಧ್ಯವೇ?

ಉತ್ತರ: ಒಂದು ಮಿತಿಯೊಳಗೆ ಖಂಡಿತ ಸಾಧ್ಯ. ನಿಮ್ಮ ತಂದೆಯವರ ಎರಡು ಅಂಕಿಗಳನ್ನು ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಅಷ್ಟಾಗಿ ಹೆದರಿಸುವಂಥದ್ದಲ್ಲ. ನೋವು, ಗಾಬರಿಗಳಿಂದಲೂ ನಾಡಿ 110ಕ್ಕೆ ಏರಬಹುದು, ಕೆಲವರಿಗೆ ಮೇಲಿನ ಬಿಪಿ 100 ಇರುವುದೇ ಸಹಜ. ಆದರೆ ಹೃದಯದ ಸ್ನಾಯು ಘಾಸಿಗೊಂಡು ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತ ಕಡಿಮೆಯಾದಾಗ, ಆ ಕೊರತೆಯನ್ನು ತುಂಬಲು ದೇಹವು ಬಡಿತವನ್ನು ಹೆಚ್ಚಿಸುತ್ತದೆ. ಹಾಗೆ ಹೆಚ್ಚಿಸಿದರೂ ಒತ್ತಡ ಏರದಿದ್ದರೆ ಹೃದಯ ಸೋಲುತ್ತಿರಬಹುದು ಎಂಬ ಶಂಕೆ ವೈದ್ಯರಿಗೆ ಬರುತ್ತದೆ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿದರೆ ಸಿಗುವ ‘ಶಾಕ್ ಇಂಡೆಕ್ಸ್’ ಹೇಳುವುದು ಇದನ್ನೇ (ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿಯೇ ಶಾಕ್). ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 0.5ರಿಂದ 0.7ರಷ್ಟಿರುತ್ತದೆ, ನಿಮ್ಮ ತಂದೆಯವರದು 1.1 ಇತ್ತು.

ಹೃದಯಾಘಾತದ ಬಗ್ಗೆ ಅಧ್ಯಯನ ನಡೆಸುವ ‘ಟಿಮಿ’ ಎಂಬ ಸಂಶೋಧನಾ ತಂಡ 2001ರಲ್ಲಿ ಪ್ರಕಟಿಸಿದ ‘ಟಿಮಿ ರಿಸ್ಕ್ ಇಂಡೆಕ್ಸ್’ ಇದಕ್ಕೆ ವಯಸ್ಸನ್ನೂ ಸೇರಿಸಿತು. ವಯಸ್ಸನ್ನು 10ರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ನಾಡಿಯಿಂದ ಗುಣಿಸಿ, ಮೇಲಿನ ಬಿಪಿಯಿಂದ ಭಾಗಿಸುವುದು ಅದರ ಕ್ರಮ. ನಿಮ್ಮ ತಂದೆಯವರ ಲೆಕ್ಕ ಸುಮಾರು 54 ಆಗುತ್ತದೆ. ಅದೇ ನಾಡಿ, ಅದೇ ಬಿಪಿ ಇರುವ 50 ವರ್ಷದವರಿಗೆ 27.5 ಮಾತ್ರ. 30ನ್ನು ಮೀರಿದವರು ಅತಿ ಹೆಚ್ಚು ಅಪಾಯದ ಗುಂಪಿಗೆ ಸೇರುತ್ತಾರೆ. ವೈದ್ಯರು ವರದಿಗಾಗಿ ಕಾಯದೆ ನಿರ್ಧರಿಸಿದ್ದು ಸರಿಯಾಗಿಯೇ ಇದೆ.

ಇದಕ್ಕೂ ಹಿಂದೆ, 1967ರಲ್ಲಿ, ಕಿಲಿಪ್ ಮತ್ತು ಕಿಂಬಲ್ ಎಂಬ ವೈದ್ಯರು 250 ರೋಗಿಗಳನ್ನು ಮುಖ್ಯವಾಗಿ ಸ್ಟೆತಾಸ್ಕೋಪ್ ಮತ್ತು ಬಿಪಿಯ ನೆರವಿನಿಂದಲೇ ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದರು. ಬೆನ್ನಿನ ಕೆಳಭಾಗದಲ್ಲಿ ಸ್ಟೆತಾಸ್ಕೋಪ್ ಇಟ್ಟಾಗ, ಕಿವಿಯ ಬಳಿ ಕೂದಲೆಳೆಗಳನ್ನು ಬೆರಳಲ್ಲಿ ಹೊಸೆದಂಥ ಸಣ್ಣ ಚರಚರ ಸದ್ದು ಕೇಳಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಆ ಸದ್ದಿಲ್ಲದ ಮೊದಲ ವರ್ಗದಲ್ಲಿ ತೀರಿಕೊಂಡವರು ಶೇ 6, ಬಿಪಿ ಕುಸಿದು ಶಾಕ್‌ಗೆ ಹೋದ ಕೊನೆಯ ವರ್ಗದಲ್ಲಿ ಶೇ 81. ಮುಚ್ಚಿದ ರಕ್ತನಾಳವನ್ನು ಆಂಜಿಯೋಪ್ಲಾಸ್ಟಿಯಿಂದ ತೆರೆಯುವ ಚಿಕಿತ್ಸೆ ಆಗಿನ್ನೂ ಇರಲಿಲ್ಲವಾದ್ದರಿಂದ ಈ ಶೇಕಡಾವಾರು ಇಂದಿಗೆ ಹೊಂದುವುದಿಲ್ಲ, ವರ್ಗೀಕರಣ ಮಾತ್ರ ಇಂದಿಗೂ ಬಳಕೆಯಲ್ಲಿದೆ.

ಇವೆಲ್ಲ ಒಂದು ಗುಂಪಿನ ಬಗ್ಗೆ ಹೇಳುವ ಮಾತುಗಳು, ಒಬ್ಬ ವ್ಯಕ್ತಿಯ ಭವಿಷ್ಯವಲ್ಲ. ನಿಮ್ಮ ತಂದೆಯವರು ಮನೆಗೆ ಮರಳಿರುವುದನ್ನು ನೀವೇ ಕಂಡಿದ್ದೀರಿ. ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲ, ಹೃದಯದ ಕೆಳಗೋಡೆಗೆ ಪೆಟ್ಟಾದವರಲ್ಲಿ ಅದು ನಿಧಾನವಾಗಿಯೇ ಇರಬಹುದು, ಹಾಗಾಗಿ ಲೆಕ್ಕ ಸುಳ್ಳು ಧೈರ್ಯ ಕೊಡುತ್ತದೆ. ವರ್ಷಗಟ್ಟಲೆ 160 ಬಿಪಿ ಇದ್ದವರಿಗೆ 110 ಎಂಬುದು ಕುಸಿತವೇ. ಆದ್ದರಿಂದಲೇ ಇಸಿಜಿ, ಎಕೋ (ಹೃದಯದ ಅಲ್ಟ್ರಾಸೌಂಡ್), ರಕ್ತಪರೀಕ್ಷೆಗಳು ಬೇಕೇ ಬೇಕು.

ಈ ಸೂತ್ರಗಳನ್ನು ದಯವಿಟ್ಟು ಮನೆಯಲ್ಲಿ ಹಾಕುತ್ತಾ ಕೂರಬೇಡಿ. ಅವು ಆಸ್ಪತ್ರೆಗೆ ಬಂದ ಹೊತ್ತಿಗಾಗಿ ಮಾಡಿದವು. ತಂದೆಯವರನ್ನು ಐದು ನಿಮಿಷ ಸುಮ್ಮನೆ ಕೂರಿಸಿ ಅಳೆದ ಅಂಕಿಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ, ಅಷ್ಟು ಸಾಕು. ಮಲಗಿದರೆ ಉಸಿರುಗಟ್ಟುವುದು, ಪಾದ ಊದುವುದು, ಮೂರು ದಿನದಲ್ಲಿ ತೂಕ 2 ಕಿಲೋಗಿಂತ ಹೆಚ್ಚುವುದು ಕಂಡರೆ ಅದೇ ದಿನ ವೈದ್ಯರನ್ನು ಸಂಪರ್ಕಿಸಿ. ಎದೆನೋವು ಮರುಕಳಿಸಿದರೆ ಮಾತ್ರ ಯಂತ್ರದ ಗೊಡವೆಗೇ ಹೋಗದೆ ಆ್ಯಂಬುಲೆನ್ಸ್ ಕರೆಯಿರಿ, ಏಕೆಂದರೆ ನಾಡಿ, ಬಿಪಿ ಎರಡೂ ಸರಿಯಾಗಿದ್ದಾಗಲೂ ಹೃದಯಾಘಾತ ಆಗುತ್ತಿರಬಹುದು.