ಶುಕ್ರವಾರದ ಕ್ಲಬ್ಬು ಮತ್ತು ನೀವು ಗೆದ್ದ 640 ಡಾಲರ್

ಹಿರಿಯೂರಿನ ತಮ್ಮನಿಗೆ,

ಸಿಡ್ನಿಗೆ ಬಂದು ಮೂರು ತಿಂಗಳಾಯಿತು, ಶುಕ್ರವಾರ ರಾತ್ರಿ ಸಹಪಾಠಿಗಳ ಜೊತೆ ಹತ್ತಿರದ ಕ್ಲಬ್ಬಿಗೆ ಊಟಕ್ಕೆ ಹೋಗುವುದು ರೂಢಿಯಾಗಿದೆ, ಊಟದ ನಂತರ ಅಲ್ಲಿನ ಪೋಕೀಸ್, ಅಂದರೆ ಸ್ಲಾಟ್ ಮಶೀನುಗಳ ಮುಂದೆ ಕೂರುತ್ತೀರಿ, ಕಳೆದ ವಾರ ಬಾಜಿಯನ್ನು ಏರಿಸಿ ಆಡಿ 640 ಡಾಲರ್ ಗೆದ್ದಿರಿ, ಮನೆಯಲ್ಲಿ ಇನ್ನೂ ಹೇಳಿಲ್ಲ ಎಂದು ಬರೆದಿದ್ದೀರಿ. ಸರ್ಕಾರವೇ ಒಪ್ಪಿದ ಆಟವನ್ನು ಮಿತಿಯಲ್ಲಿ ಆಡಿದರೆ ಏನು ತೊಂದರೆ, ದೊಡ್ಡ ಬಾಜಿಗೆ ಹೆಚ್ಚು ವಾಪಸ್ ಬರುತ್ತದೆ ಎಂದು ಗೆಳೆಯರು ಹೇಳುವುದು ನಿಜವೇ ಎಂದೂ ಕೇಳಿದ್ದೀರಿ. ನಾನು 2008ರಿಂದ ಆ ಊರಿನಲ್ಲಿದ್ದೇನೆ. ಈಗ ರಜೆಗೆಂದು ದಾವಣಗೆರೆಯ ನಮ್ಮ ಮನೆಗೆ ಬಂದಿರುವುದರಿಂದ ಬಿಡುವಾಗಿ ಉತ್ತರಿಸುತ್ತಿದ್ದೇನೆ.

ಮೊದಲು ಲೆಕ್ಕದ ಮಾತು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಕ್ಲಬ್ಬುಗಳಲ್ಲಿ ಈ ಯಂತ್ರಗಳಿಗೆ 1956ರಲ್ಲೇ ಕಾನೂನಿನ ಒಪ್ಪಿಗೆ ಸಿಕ್ಕಿತು. ಆದರೆ ಅದೇ ದೇಶದ ವೆಸ್ಟರ್ನ್ ಆಸ್ಟ್ರೇಲಿಯಾ ರಾಜ್ಯ ಪರ್ತ್‌ನ ಒಂದು ಕ್ಯಾಸಿನೊ ಬಿಟ್ಟರೆ ಬೇರೆಲ್ಲೂ ಅವನ್ನು ಬಿಟ್ಟುಕೊಂಡಿಲ್ಲ. ಹೂಡಿದ ಹಣದಲ್ಲಿ ಕನಿಷ್ಠ ಶೇ. 85ರಷ್ಟು ಆಟಗಾರರಿಗೆ ಮರಳಬೇಕೆಂಬ ನಿಯಮ ನ್ಯೂ ಸೌತ್ ವೇಲ್ಸ್‌ನಲ್ಲಿದೆ, ದೊಡ್ಡ ಬಾಜಿಯ ಯಂತ್ರಗಳಲ್ಲಿ ಈ ಪಾಲು ಕೊಂಚ ಹೆಚ್ಚಿರುವುದೂ ಉಂಟು. ನಿಮ್ಮ ಗೆಳೆಯರು ಹೇಳಿದ್ದು ಇದನ್ನೇ ಇರಬೇಕು. ಅವರು ಹೇಳದೆ ಬಿಟ್ಟದ್ದು ಏನೆಂದರೆ, ಆ ಪಾಲನ್ನು ಲೆಕ್ಕ ಹಾಕುವುದು ನೀವು ಜೇಬಿನಲ್ಲಿ ತಂದ ನೂರು ಡಾಲರಿನ ಮೇಲಲ್ಲ, ಗುಂಡಿ ಒತ್ತಿದ ಪ್ರತಿ ಸಲದ ಬಾಜಿಯ ಮೇಲೆ. ಗರಿಷ್ಠ ಬಾಜಿ 10 ಡಾಲರ್, ಐದು ಸೆಕೆಂಡಿಗೊಮ್ಮೆ ಒತ್ತುತ್ತೀರಿ ಎಂದಿಟ್ಟುಕೊಳ್ಳಿ: ಗಂಟೆಗೆ 720 ಸಲ, 7,200 ಡಾಲರ್ ಹೂಡಿದಂತಾಯಿತು, ಶೇ. 90 ಮರಳಿದರೂ ಸರಾಸರಿ 720 ಡಾಲರ್ ಹೋಯಿತು. ತರಗತಿ ನಡೆಯುವಾಗ ಹದಿನೈದು ದಿನಕ್ಕೆ 48 ಗಂಟೆಯಷ್ಟೇ ದುಡಿಯಬಹುದಾದ ವಿದ್ಯಾರ್ಥಿಗೆ ಅದು ಹೆಚ್ಚುಕಡಿಮೆ ಒಂದು ವಾರದ ಸಂಬಳ.

ಹಣದ ಮಾತು ಇಷ್ಟೇ ಆಗಿದ್ದರೆ ನಾನು ನಾಲ್ಕು ಸಾಲು ಬರೆದು ಸುಮ್ಮನಾಗುತ್ತಿದ್ದೆ. ಯಂತ್ರ ಕೈ ಹಾಕುವುದು ಮನಸ್ಸಿಗೆ. ಗುಂಡಿ ಒತ್ತಿದ ಕ್ಷಣದಲ್ಲೇ ಯಾದೃಚ್ಛಿಕ ಸಂಖ್ಯೆಯೊಂದರಿಂದ ಫಲಿತಾಂಶ ತೀರ್ಮಾನವಾಗಿರುತ್ತದೆ, ಚಕ್ರ ತಿರುಗುವುದು ಬರೀ ನೋಟಕ್ಕೆ. ಹಿಂದಿನ ಆಟ ಮುಂದಿನ ಆಟಕ್ಕೆ ಗೊತ್ತೇ ಇರುವುದಿಲ್ಲವಾದ್ದರಿಂದ "ಬಹಳ ಹೊತ್ತಿನಿಂದ ಕೊಟ್ಟಿಲ್ಲ, ಇನ್ನೇನು ಕೊಡುತ್ತದೆ" ಎಂಬ ಮಾತಿಗೆ ಬುಡವಿಲ್ಲ. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆಂದು ತಿಳಿಯದ ಪಾರಿವಾಳ ಬೇಸರವಿಲ್ಲದೆ ಕುಕ್ಕುತ್ತಲೇ ಇರುತ್ತದೆ ಎಂಬುದನ್ನು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲೇ ತೋರಿಸಿದ್ದರು. ಅದಕ್ಕೆ ಇನ್ನೆರಡು ಚಾತುರ್ಯಗಳು ಸೇರಿವೆ. ಮೂರನೆಯ ಚಿತ್ರ ಗೆರೆಯಿಂದ ಕೂದಲೆಳೆಯಷ್ಟು ಮೇಲೆ ನಿಂತಾಗ ಅದು ಅಪ್ಪಟ ಸೋಲೇ ಆದರೂ ಮಿದುಳು ಅದನ್ನು ಗೆಲುವಿನ ಹತ್ತಿರದ ಸಂಗತಿಯೆಂದು ಭಾವಿಸಿ ಇನ್ನೊಮ್ಮೆ ಒತ್ತಲು ಹುರುಪು ಕೊಡುತ್ತದೆ. ಒಂದೂವರೆ ಡಾಲರ್ ಹೂಡಿ ಅರವತ್ತು ಸೆಂಟ್ ಬಂದಾಗಲಂತೂ ಯಂತ್ರ ದೀಪ ಮಿನುಗಿಸಿ ಸಂಗೀತ ನುಡಿಸುತ್ತದೆ. ತೊಂಬತ್ತು ಸೆಂಟ್ ಕಳೆದುಕೊಂಡವನಿಗೆ ಮಂಗಳವಾದ್ಯ!

ಇದನ್ನೆಲ್ಲ ಪುಸ್ತಕ ಓದಿ ಹೇಳುತ್ತಿಲ್ಲ. 2009ರ ಚಳಿಗಾಲದಲ್ಲಿ ನಾನು ಗೋದಾಮೊಂದರಲ್ಲಿ ಸಂಜೆ ಪಾಳಿಯ ಕೆಲಸ ಮುಗಿಸಿ, ನಾಲ್ವರು ಹಂಚಿಕೊಂಡಿದ್ದ ತಣ್ಣನೆಯ ಮನೆಗೆ ಹೋಗಲು ಮನಸ್ಸಾಗದೆ, ದಾರಿಯಲ್ಲಿದ್ದ ಕ್ಲಬ್ಬಿನಲ್ಲಿ ಕೂರುತ್ತಿದ್ದೆ. ಬೆಚ್ಚಗಿನ ಕೋಣೆ, ಮೆತ್ತನೆಯ ಕುರ್ಚಿ, ಪುಕ್ಕಟೆ ಕಾಫಿ. ಕಿಟಕಿಯಿಲ್ಲ. ಮೊದಮೊದಲು ಇಪ್ಪತ್ತು ಸೆಂಟಿನ ಆಟಕ್ಕೇ ತಲೆಯೊಳಗಿನ ಗದ್ದಲವೆಲ್ಲ ಅಡಗುತ್ತಿತ್ತು. ಒಂದು ತಿಂಗಳಾಗುವಷ್ಟರಲ್ಲಿ ಅದೇ ಮೌನಕ್ಕೆ ಒಂದು ಡಾಲರ್ ಬೇಕಾಯಿತು, ಆಮೇಲೆ ಐದು. ನೀವು ನಂಬಲಿಕ್ಕಿಲ್ಲ, ಗೆಲ್ಲಬೇಕೆಂಬ ಆಸೆಯೂ ಆಗ ಉಳಿದಿರಲಿಲ್ಲ. ಗೆದ್ದರೆ ಇನ್ನಷ್ಟು ಹೊತ್ತು ಕೂರಬಹುದಲ್ಲ ಎಂಬ ಸಮಾಧಾನ ಮಾತ್ರ. ಒಂದು ರಾತ್ರಿ, ಇಲ್ಲಿ ಸಂಜೆಯ ದೀಪ ಹಚ್ಚಿ ಅಮ್ಮ ಫೋನ್ ಮಾಡಿದಾಗ, ಅಲ್ಲಿ ಮಧ್ಯರಾತ್ರಿ; "ಇದೊಂದು ಆಟ ಮುಗಿಯಲಿ" ಎಂದುಕೊಂಡು ಮೂರು ಕರೆಗಳನ್ನೂ ಬಿಟ್ಟೆ. ಅಂದು ನನ್ನ ಕೈಯಲ್ಲಿದ್ದ, ಮನೆ ಹಂಚಿಕೊಂಡವರೆಲ್ಲರ ಬಾಡಿಗೆ ಹಣದಲ್ಲಿ 1,140 ಡಾಲರ್ ಹೋಯಿತು. ಕಳೆದುಕೊಂಡಲ್ಲೇ ಹುಡುಕಬೇಕು ಎಂಬ ನಮ್ಮ ಹಿರಿಯರ ಮಾತನ್ನು ಮರುದಿನ ಚಾಚೂತಪ್ಪದೆ ಪಾಲಿಸಿ ಇನ್ನೂ 300 ಕಳೆದೆ. ಅಮ್ಮನಿಗೆ ಶಿಫ್ಟ್ ಬದಲಾಗಿತ್ತು ಎಂದೆ, ಮನೆ ಹಂಚಿಕೊಂಡವರಿಗೆ ಬ್ಯಾಂಕಿನಲ್ಲಿ ಏನೋ ತೊಡಕಾಗಿದೆ ಎಂದೆ. ಆ ಸಾಲ ಐದು ತಿಂಗಳಲ್ಲಿ ತೀರಿತು. ಸುಳ್ಳು ಹೇಳುವಾಗ ನಾಲಿಗೆ ತಡವರಿಸಲಿಲ್ಲ ಎಂಬುದು ಮಾತ್ರ ಇನ್ನೂ ಚುಚ್ಚುತ್ತದೆ.

ನಮ್ಮ ಕಡೆ ಜೂಜಿಲ್ಲವೇ ಎಂದು ನೀವು ಕೇಳಬಹುದು. ನಾನು ಚಿಕ್ಕವನಿದ್ದಾಗ ಇದೇ ಓಣಿಯಲ್ಲಿ ಹತ್ತಿ ಮಿಲ್ಲಿನವರೊಬ್ಬರು ಬಟವಾಡೆಯ ದಿನ ಇಸ್ಪೀಟಿಗೆ ಕೂರುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಅವರ ಹೆಂಡತಿ ಬಂದು, ಎಲ್ಲರ ಎದುರೇ ಅವರ ಅಂಗಿಯ ಜೇಬಿಗೆ ಕೈ ಹಾಕಿ ಉಳಿದ ನೋಟುಗಳನ್ನು ಎಣಿಸಿಕೊಂಡು ಹೋಗುತ್ತಿದ್ದರು. ಅಂದರ್ ಬಾಹರ್ ಆಡಲೂ ನಾಲ್ಕು ಜನ ಬೇಕು, ಆ ನಾಲ್ವರಲ್ಲಿ ಒಬ್ಬರಾದರೂ "ಸಾಕು ಏಳೋ ಮಾರಾಯ" ಎನ್ನುತ್ತಾರೆ. ಯಂತ್ರಕ್ಕೆ ಯಾರೂ ಬೇಕಿಲ್ಲ. ಹೊಸ ದೇಶದಲ್ಲಿ ಒಂಟಿಯಾಗಿರುವವನಿಗೆ ಅದು ಒಗ್ಗುವುದೂ ಅದಕ್ಕೇ.

2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ರೋಗನಿರ್ಣಯದ ಕೈಪಿಡಿಯಲ್ಲಿ ಜೂಜಿನ ಗೀಳನ್ನು ಮದ್ಯ ಮತ್ತು ಮಾದಕ ವಸ್ತುಗಳ ಚಟದ ಅಧ್ಯಾಯಕ್ಕೇ ಸೇರಿಸಿದರು. ಬಾಜಿಯನ್ನು ಏರಿಸಬೇಕೆನಿಸುವುದು, ಕಳೆದದ್ದನ್ನು ಮರಳಿ ಪಡೆಯಲು ಹೋಗುವುದು, ಮನೆಯವರಿಂದ ಮುಚ್ಚಿಡುವುದು ಅವರು ಪಟ್ಟಿ ಮಾಡಿರುವ ಲಕ್ಷಣಗಳಲ್ಲಿ ಸೇರಿವೆ. ನಿದ್ರೆಗೆಡುವುದು, ಖಿನ್ನತೆ, ಬದುಕೇ ಬೇಡವೆನಿಸುವುದು ಆಮೇಲಿನ ಹಂತದಲ್ಲಿ ಹಲವರನ್ನು ಹಿಡಿಯುತ್ತವೆ. ಮೊದಲು ಹೇಳಿದ ಮೂರು ಲಕ್ಷಣಗಳಲ್ಲಿ ಎರಡು ನಿಮ್ಮ ಪತ್ರದಲ್ಲೇ ಕಂಡವು. ನಿಮಗೆ ಕಾಯಿಲೆಯಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ 640 ಡಾಲರ್ ಗೆಲ್ಲುವ ಬದಲು ಅಂದೇ ಅರವತ್ತು ಸೋತಿದ್ದರೆ ನಿಮಗೆ ಒಳ್ಳೆಯದಾಗುತ್ತಿತ್ತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಇಂದು ರಾತ್ರಿ ನಿಮ್ಮ ಅಕ್ಕನಿಗೋ ತಾಯಿಗೋ ಗೆದ್ದ ಸುದ್ದಿಯನ್ನು ಹೇಳಿಬಿಡಿ, ಗೆದ್ದದ್ದನ್ನು ಹೇಳುವುದು ಸೋತದ್ದನ್ನು ಹೇಳುವುದಕ್ಕಿಂತ ಸುಲಭ. ಕೈ ತಡೆಯಲಾರದೆನಿಸಿದರೆ 1800 858 858 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆಯಾಗಿ ಕರೆ ಮಾಡಬಹುದು. ಕ್ಲಬ್ಬಿಗೆ ನೀವೇ ಬರೆದುಕೊಟ್ಟು ನಿಮ್ಮನ್ನು ಒಳಗೆ ಬಿಡದಂತೆ ಮಾಡಿಕೊಳ್ಳುವ ವ್ಯವಸ್ಥೆಯೂ ಇದೆ. ನಾನು ಅದನ್ನೇ ಮಾಡಿದ್ದು, ಅರ್ಜಿಗೆ ಫೋಟೋ ಅಂಟಿಸುವಾಗ ಕೈ ನಡುಗಿತ್ತು. ಮುಂದಿನ ವಾರ ನಾನು ವಾಪಸ್ ಬರುತ್ತೇನೆ. ಶುಕ್ರವಾರ ಏಳು ಗಂಟೆಗೆ ನಮ್ಮ ಮನೆಗೆ ಊಟಕ್ಕೆ ಬನ್ನಿ, ನಿಮ್ಮ ಸಹಪಾಠಿಗಳನ್ನೂ ಕರೆದುಕೊಂಡು ಬನ್ನಿ, ರೊಟ್ಟಿ ಮಾಡಿಸುತ್ತೇನೆ.