ಟೇಪ್ ಲೈಬ್ರರಿಯ ಇಂಟರ್‌ಫೇಸ್ ಬೋರ್ಡ್ ಬದಲಿಸಿದರೆ ಹಳೆಯ ಬ್ಯಾಕಪ್ ಉಳಿಯುತ್ತದೆಯೇ?

ಖಂಡಿತ ಉಳಿಯುತ್ತದೆ. ಟೇಪ್ ಲೈಬ್ರರಿ ಎಂದರೆ ಹಲವು ಟೇಪುಗಳನ್ನು ಇಟ್ಟುಕೊಂಡು ಬ್ಯಾಕಪ್ ಬರೆಯುವ, ಓದುವ ಯಂತ್ರ. ದತ್ತಾಂಶ ಇರುವುದು ಟೇಪಿನಲ್ಲಿ; ಬೋರ್ಡ್ ಬರೀ ಸರ್ವರಿಗೆ ಹೋಗುವ ದಾರಿ. ತೊಡಕಾಗುವುದು ವಿಳಾಸದ್ದು. ಸ್ಕಸಿ (SCSI, ಹಳೆಯ ಬಗೆಯ ಕೇಬಲ್ ಜೋಡಣೆ) ಬೋರ್ಡ್ ತೆಗೆದು ಫೈಬರ್ ಚಾನೆಲ್ (ಸ್ವಿಚ್ಚಿನ ಮೂಲಕ ಸಾಗುವ ಸ್ಟೋರೇಜ್ ಜಾಲ) ಬೋರ್ಡ್ ಹಾಕಿದರೆ ಅದಕ್ಕೆ ತನ್ನದೇ ವರ್ಲ್ಡ್ ವೈಡ್ ನೇಮ್, ಅಂದರೆ ಆ ಜಾಲದಲ್ಲಿ ಅದನ್ನು ಗುರುತಿಸುವ ವಿಳಾಸ, ಇರುತ್ತದೆ. ಸ್ವಿಚ್ಚಿನ ಝೋನಿಂಗ್‌ಗೆ (ಯಾವ ಸಾಧನಕ್ಕೆ ಯಾವುದು ಕಾಣಬೇಕೆಂಬ ಪಟ್ಟಿಗೆ) ಅದನ್ನು ಸೇರಿಸದಿದ್ದರೆ ಸರ್ವರಿಗೆ ಲೈಬ್ರರಿ ಕಾಣುವುದೇ ಇಲ್ಲ. ಬ್ಯಾಕಪ್ ತಂತ್ರಾಂಶಕ್ಕೂ ಟೇಪುಗಳನ್ನು ಎತ್ತಿಡುವ ರೊಬಾಟ್ ಮತ್ತು ಅವನ್ನು ಓದಿ ಬರೆಯುವ ಡ್ರೈವ್‌ಗಳನ್ನು ಹೊಸದಾಗಿ ಗುರುತಿಸಿಕೊಡಬೇಕಾಗುತ್ತದೆ. ಲೈಬ್ರರಿಯ ಸೆಟ್ಟಿಂಗ್‌ಗಳನ್ನು ಮೊದಲೇ ಉಳಿಸಿಕೊಳ್ಳಿ, ಲೈಬ್ರರಿಯ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಹೊಸ ಬೋರ್ಡಿಗೆ ಹೊಂದುತ್ತದೆಯೇ ನೋಡಿ.

ನಮ್ಮ ಮಂಗಳೂರಿನಲ್ಲಿ ಇನ್ನೊಂದು ಎಚ್ಚರ ಬೇಕು. ಎಸಿ ಕೊಠಡಿಯಲ್ಲಿ ತಣ್ಣಗಾದ ಬೋರ್ಡನ್ನು ಆಟಿ ತಿಂಗಳ (ತುಳುನಾಡಿನ ಮಳೆಗಾಲದ ತಿಂಗಳು) ತೇವದ ಗಾಳಿಗೆ ತಂದು ಬಿಚ್ಚಿದರೆ ಕನೆಕ್ಟರಿನ ಪಿನ್ನುಗಳ ಮೇಲೆ ನೀರಿನ ಪಸೆ ಕೂರುತ್ತದೆ. ಕೊಠಡಿಯೊಳಗೇ ಬಿಚ್ಚಿ, ಮೈಯ ಸ್ಥಿರ ವಿದ್ಯುತ್ತು ಬೋರ್ಡಿಗೆ ತಾಗದಂತೆ ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಂಡೇ ಕೂರಿಸಿ. ಹಳೆಯ ಟೇಪೊಂದರಿಂದ ಒಂದಾದರೂ ಕಡತವನ್ನು ಮರಳಿ ಪಡೆದು ತೆರೆದು ನೋಡುವವರೆಗೆ ಹಳೆಯ ಬೋರ್ಡನ್ನು ದಯವಿಟ್ಟು ಎಸೆಯಬೇಡಿ.