ಒಂದು ಅಂಕಿಯಿಂದ ಆಯುಸ್ಸು ಅಳೆಯಬಹುದೇ?

ಪ್ರಶ್ನೆ: ತಂದೆಯವರಿಗೆ (62) ಯಕೃತ್ತಿನ ಕ್ಯಾನ್ಸರ್ ಗಡ್ಡೆ ತೆಗೆದು ಎರಡು ತಿಂಗಳಾಯಿತು. 840 ಇದ್ದ ಎಎಫ್‌ಪಿ (ಯಕೃತ್ತಿನ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಪ್ರೋಟೀನ್) 9ಕ್ಕೆ ಇಳಿದಿದೆ. ಆಲ್ಬುಮಿನ್ (ರಕ್ತದಲ್ಲಿನ ಮುಖ್ಯ ಪ್ರೋಟೀನ್) 3.1. ಅಣ್ಣ ಮೊಬೈಲಿನಲ್ಲಿ ನೋಡಿ ‘ಇಷ್ಟೇ ವರ್ಷ’ ಎನ್ನುತ್ತಾನೆ. ನಿಜವೇ?
– ಓದುಗರು, ಮದ್ದೂರು

ಉತ್ತರ: ನೀವು ಮೈಸೂರಿಗೆ ಕಳಿಸಿದ ವರದಿಯ ಜೆರಾಕ್ಸ್‌ಗೆ ಆಲೆಮನೆಯ ಬೆಲ್ಲ ಅಂಟಿತ್ತು, ಅಂಕಿಗಳು ಮಾತ್ರ ಸ್ಪಷ್ಟವಾಗಿವೆ. ಗಡ್ಡೆ ಪೂರ್ತಿ ಹೋದರೆ ಎಎಫ್‌ಪಿ ಸುಮಾರು ಐದರಿಂದ ಏಳು ದಿನಕ್ಕೊಮ್ಮೆ ಅರ್ಧವಾಗುತ್ತದೆ. 840, 420, 210 ಎಂದು ಇಳಿಸುತ್ತಾ ಹೋಗಿ. ಏಳು ಮೆಟ್ಟಿಲಿನೊಳಗೆ 9 ಮುಟ್ಟುತ್ತೀರಿ. ನಿಮ್ಮ ತಂದೆಯವರ ಇಳಿಕೆ ಸರಿಯಾದ ದಾರಿಯಲ್ಲಿಯೇ ಇದೆ.

ನನ್ನ ಕಣ್ಣು ನೆಟ್ಟಿರುವುದು ಆಲ್ಬುಮಿನ್ ಮೇಲೆ. ಅದನ್ನು ತಯಾರಿಸುವುದು ಯಕೃತ್ತು, 3.5ಕ್ಕಿಂತ ಕಡಿಮೆಯಾದರೆ ಉಳಿದ ಭಾಗ ದಣಿದಿರಬಹುದು. ಬರೀ ಮೊಟ್ಟೆ ತಿನ್ನಿಸಿದರೆ ಏರುವುದಿಲ್ಲ. ಆಲ್ಬುಮಿನನ್ನು ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು) ಜೊತೆ ಸೇರಿಸಿ ಯಕೃತ್ತಿನ ಕಸುವು ಅಳೆಯುವ ‘ಆಲ್ಬಿ’ ಲೆಕ್ಕವಿದೆ. ಇವೆಲ್ಲ ನೂರಾರು ರೋಗಿಗಳ ಸರಾಸರಿ, ಒಬ್ಬರ ಜಾತಕವಲ್ಲ. ಗಡ್ಡೆಯ ಗಾತ್ರ, ರಕ್ತನಾಳಕ್ಕೆ ಹೊಕ್ಕಿತ್ತೇ ಎಂಬುದು ಬಯಾಪ್ಸಿ ವರದಿಯಲ್ಲಿರುತ್ತದೆ; ಆ ಹಾಳೆಯನ್ನೇ ನೀವು ಕಳಿಸಿಲ್ಲ! ಅದನ್ನು ಶಸ್ತ್ರಚಿಕಿತ್ಸೆ ಮಾಡಿದವರಿಗೆ ತೋರಿಸಿ, ಮುಂದಿನ ಸ್ಕ್ಯಾನ್ ದಿನಾಂಕ ಬರೆಸಿಕೊಳ್ಳಿ.